ಕೈಕೆತ್ತನೆ ಸರಿ, ಕೈ ಯಾರದ್ದು?

"ಹ್ಯಾಂಡ್‌ಮೇಡ್" ಅನ್ನೋ ಪದಕ್ಕೆ ಈಗ ಬೆಲೆ ಜಾಸ್ತಿ, ಅರ್ಥ ಕಮ್ಮಿ. ಸೋಪು, ಚಾಕಲೇಟು, ಉಪ್ಪಿನಕಾಯಿ ಬಾಟಲಿ... ಎಲ್ಲದರ ಮೇಲೂ ಅದೇ ಚೀಟಿ. ಹಾಗಾಗಿ ಆ ಪದ ಕಂಡರೆ ನಾನು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳೋದಿಲ್ಲ. ಆದರೆ ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ಈ ಪದ ನನ್ನನ್ನ ಸುಮ್ಮನೆ ಬಿಡ್ತಿಲ್ಲ. ಅದು ಮೆಕ್ಸಿಕೋದ ಕೆತ್ತನೆ ಕಲ್ಲಿನ ಪೀಠೋಪಕರಣ.

ಮೆಕ್ಸಿಕೋದ ಹಳೇ ಚರ್ಚು, ಅರಮನೆ, ಜಮೀನ್ದಾರರ ಬಂಗಲೆಗಳ ಕಂಬ, ಕಮಾನು, ಗೂಡುಗಳನ್ನೇ ಮಾದರಿ ಇಟ್ಟುಕೊಂಡು ಮಾಡಿದ ಕಲ್ಲಿನ ಮೇಜು, ಬೆಂಚು, ಕಾರಂಜಿ, ಬೆಂಕಿಗೂಡಿನ ಚೌಕಟ್ಟು ಇವೆಲ್ಲ ನೀವೂ ನೋಡಿರ್ತೀರಿ. ಗೃಹಾಲಂಕಾರದ ಪತ್ರಿಕೆಗಳಲ್ಲಿ, ಕ್ಯಾಲಿಫೋರ್ನಿಯಾ, ಅರಿಜೋನಾ, ಟೆಕ್ಸಾಸ್ ಕಡೆಯ ದೊಡ್ಡ ಮನೆಗಳ ಫೋಟೋಗಳಲ್ಲಿ ಬರ್ತಾ ಇರ್ತವೆ. ಗಾಜಿನ ಹಲಗೆ ಹೊತ್ತ ಗುಲಾಬಿ ಬಣ್ಣದ ತಿರುಚು ಕಂಬ. ದ್ರಾಕ್ಷಿ ಬಳ್ಳಿ ಸುತ್ತಿಕೊಂಡ ಬೆಂಚಿನ ಕಾಲು. ಚೆಂದವೇನೋ ಚೆಂದ, ಎರಡು ಮಾತಿಲ್ಲ. ಪಕ್ಕದಲ್ಲಿ ಬರೆದಿರೋದು ಮಾತ್ರ ಸಾಮಾನ್ಯವಾಗಿ ಒಂದೇ ಧಾಟಿ: ಶತಮಾನಗಳ ಪರಂಪರೆ, ನುರಿತ ಕೈಗಳು, ಪ್ರತಿಯೊಂದೂ ವಿಶಿಷ್ಟ.

ನುರಿತ ಕೈಗಳು, ಸರಿ. ಯಾರ ಕೈಗಳು?

ಇದು ಕುಹಕದ ಪ್ರಶ್ನೆ ಅಲ್ಲ. ಈ ಪ್ರಶ್ನೆಗೆ ಉತ್ತರ ಇಲ್ಲದ "ಕೈಕೆತ್ತನೆ" ಅರ್ಧ ಸುಳ್ಳು ಅಂತ ನನ್ನ ವಾದ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಮೊದಲು ಕಲ್ಲಿನ ವಿಷಯ. ಈ ಪೀಠೋಪಕರಣಗಳಲ್ಲಿ ಬಹುಪಾಲು "ಕಾಂತೆರಾ" ಅನ್ನೋ ಕಲ್ಲಿನದ್ದು. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಕಲ್ಲುಗಣಿ ಅಂತಲೂ ಅರ್ಥ. ಗಣಿಯ ಹೆಸರೇ ಕಲ್ಲಿಗೂ ಬಂತು. ಆ ಕಲ್ಲು ಕೆಲಸ ಮಾಡೋನು "ಕಾಂತೆರೊ", ಅಂದ್ರೆ ಕಲ್ಲುಕುಟಿಗ. ಇದು ಜ್ವಾಲಾಮುಖಿ ಉಗುಳಿದ ಬೂದಿ ಬಿಸಿಯಲ್ಲೇ ಒತ್ತಿ ಗಟ್ಟಿಯಾಗಿ ಆದ ಕಲ್ಲು. ಗ್ರಾನೈಟಿನಂತೆ ಹಟ ಮಾಡೋದಿಲ್ಲ, ಚಾಣಕ್ಕೆ ಬೇಗ ಒಲಿಯುತ್ತೆ. ಬಣ್ಣವೂ ಊರಿಗೊಂದು. ಮೊರೇಲಿಯಾ, ಸಕಾತೇಕಾಸ್ ಪಟ್ಟಣಗಳ ಗುಲಾಬಿ, ವಾಹಾಕಾದ ಹಸಿರು. ಮೊರೇಲಿಯಾದ ಹಳೇ ಪೇಟೆ 1991ರಲ್ಲಿ, ಸಕಾತೇಕಾಸ್ 1993ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಆ ಊರುಗಳಿಗೆ ಮುಖ ಕೊಟ್ಟಿದ್ದೇ ಈ ಕಲ್ಲು.

ಕಟ್ಟಡದ ರೂಪವನ್ನ ಆಸನಕ್ಕೆ ಇಳಿಸೋದು ಈಗಿನವರ ಕಲ್ಪನೆ ಅಂದುಕೊಂಡರೆ, ಅದೂ ಅಲ್ಲ. ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಮ್ಮಿನಲ್ಲಿ "ಪವಿತ್ರ ಯುದ್ಧದ ತೆಯೋಕಾಯಿ" ಅಂತ ಒಂದು ಕಲ್ಲಿದೆ. 1926ರಲ್ಲಿ ರಾಷ್ಟ್ರೀಯ ಅರಮನೆಯ ಅಡಿಪಾಯದಿಂದ ಹೊರತೆಗೆದದ್ದು. ಆಕಾರ ಒಂದು ಪುಟ್ಟ ಪಿರಮಿಡ್ ದೇವಾಲಯ: ಮುಂದೆ ಮೆಟ್ಟಿಲು, ಮೇಲೆ ಗುಡಿಯಂತೆ ಎದ್ದ ಭಾಗ. ಹಿಂದುಗಡೆ ಕಳ್ಳಿ ಗಿಡದ ಮೇಲೆ ಕೂತ ಹದ್ದು, ಇವತ್ತಿನ ಮೆಕ್ಸಿಕೋ ಬಾವುಟದ ಮೇಲಿರೋ ಅದೇ ಚಿತ್ರದ ಹಳೇ ರೂಪ. ಇದು ಆಸ್ತೆಕ್ ದೊರೆ ಎರಡನೇ ಮೊಕ್ತೆಸುಮಾನ ಸಿಂಹಾಸನ ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಯೋಚನೆ ಮಾಡಿ, ದೇವಸ್ಥಾನದ ಆಕಾರದ ಕಲ್ಲಿನ ಕುರ್ಚಿ! ಅದೂ ಕಬ್ಬಿಣದ ಉಳಿ ಇಲ್ಲದ ಕಾಲದಲ್ಲಿ, ಕಲ್ಲಿನಿಂದಲೇ ಕಲ್ಲು ಕಡಿದು, ಮರಳಿನಲ್ಲಿ ತಿಕ್ಕಿ ಮಾಡಿದ್ದು.

ದೊರೆಯ ಮಾತು ಬಿಡಿ, ಬಡವರ ಮನೆಯಲ್ಲೂ ಕೆತ್ತಿದ ಕಲ್ಲಿತ್ತು. "ಮೆತಾತೆ" ಅಂತ ಮೂರು ಕಾಲಿನ ಕಪ್ಪು ಕಲ್ಲು, ಅದರ ಮೇಲೆ ಜೋಳ ಅರೆಯೋದು. ನಮ್ಮ ಅರೆಯೋ ಕಲ್ಲಿಗೆ ಮೂರು ಕಾಲು ಬಂದ ಹಾಗೆ. ಮೆಕ್ಸಿಕೋದ ಮನೆಯ ಅತಿ ಹಳೇ ಕಲ್ಲಿನ ಪೀಠೋಪಕರಣ ಅಂತ ಯಾವುದನ್ನಾದರೂ ಕರೆಯೋದಾದರೆ ಇದನ್ನೇ ಕರೀಬೇಕು. ಬೆಂಕಿಗೂಡಿನ ಚೌಕಟ್ಟನ್ನಲ್ಲ :)

ಆಮೇಲೆ ಸ್ಪೇನಿನವರು ಬಂದರು. 1521ರಲ್ಲಿ ಆಸ್ತೆಕ್ ರಾಜಧಾನಿ ಬಿತ್ತು. ಒಡೆದ ದೇವಾಲಯಗಳ ಕಲ್ಲೇ ಹೊಸ ಕಟ್ಟಡಗಳಿಗೂ ಹೋಯಿತು. ಚರ್ಚು, ಮಠಗಳನ್ನ ಕಟ್ಟಿದ್ದು ಯಾರು? ಅದೇ ಸ್ಥಳೀಯ ಕಲ್ಲುಕುಟಿಗರು. ಯುರೋಪಿನಿಂದ ಬಂದ ಪುಸ್ತಕಗಳ ಚಿತ್ರ ನೋಡಿಕೊಂಡು ಕೆತ್ತಿದರು, ಆದರೆ ಕೈ ಅವರದ್ದೇ ಅಲ್ವೇ? ಹಳೇ ಅಭ್ಯಾಸ ಒಳಗೆ ನುಸುಳಿಬಿಡ್ತು. ಮೆಕ್ಸಿಕೋ ನಗರದ ಹತ್ತಿರ ಅಕೋಲ್ಮಾನ್ ಅನ್ನೋ ಊರಿನ ಮಠದ ಮುಂದೆ 16ನೇ ಶತಮಾನದ ಕಲ್ಲಿನ ಶಿಲುಬೆ ಇದೆ. ಅದರ ಮೇಲೆ ಯೇಸುವಿನ ದೇಹವೇ ಇಲ್ಲ. ಎರಡು ಕಂಬ ಸೇರೋ ಜಾಗದಲ್ಲಿ ಮುಖ ಮಾತ್ರ, ತೋಳುಗಳ ತುಂಬ ಹೂ, ಬಳ್ಳಿ. ಯುರೋಪಿನಲ್ಲಿ ಕಾಣೋ ಶಿಲುಬೆಗಳ ಹಾಗೆ ಇದು ಇಲ್ಲವೇ ಇಲ್ಲ.

ಈ ಮಿಶ್ರ ಶೈಲಿಗೆ ಒಂದು ಹೆಸರು ಬೇಕಲ್ಲ? 1942ರಲ್ಲಿ ಹೋಸೆ ಮೊರೆನೊ ವಿಯಾ ಅನ್ನೋ ವಿಮರ್ಶಕ ಇಟ್ಟ ಹೆಸರು "ತೆಕಿತ್ಕಿ". ಸ್ಪೇನಿನಿಂದ ದೇಶಾಂತರ ಬಂದು ಮೆಕ್ಸಿಕೋದಲ್ಲಿ ನೆಲೆಸಿದ ಕವಿ, ಚಿತ್ರಕಾರ ಆತ. ಆ ಪದ ಆಸ್ತೆಕರ ನಹುವಾತ್ಲ್ ಭಾಷೆಯದ್ದು. ಅರ್ಥ ಏನು ಗೊತ್ತಾ? ಕಪ್ಪ ಕೊಡುವವನು.

ಈ ಅರ್ಥ ಓದಿದಾಗಿಂದ ನನಗೆ ಅದನ್ನ ಮರೆಯೋಕೆ ಆಗಿಲ್ಲ. ಒಂದು ಇಡೀ ಶಿಲ್ಪಶೈಲಿಯ ಹೆಸರೇ "ಕಪ್ಪ ಕೊಡುವವನು". ಅಷ್ಟೊಂದು ಕೆತ್ತಿದವರ ಹೆಸರು ಒಂದೂ ನಮಗೆ ತಲುಪಲಿಲ್ಲ ಅನ್ನೋ ಮಟ್ಟಿಗೆ ಅವರು ಅನಾಮಧೇಯರು. ಹೆಸರಿನ ಬದಲು ಉಳಿದಿದ್ದು ಅವರ ಸ್ಥಾನಮಾನ.

"ಅಯ್ಯೋ, ಹಳೇ ಕಾಲದಲ್ಲಿ ಯಾರು ಹೆಸರು ಬರೀತಿದ್ರು, ಎಲ್ಲ ದೇವರಿಗೆ ಅರ್ಪಣೆ" ಅಂತ ನೀವು ಹೇಳಬಹುದು. ಇಲ್ಲ ಸ್ವಾಮಿ, ಬರೀತಿದ್ರು. ಅದೇ ಭೂಭಾಗದ ಮಾಯಾ ಶಿಲ್ಪಿಗಳು ಸ್ಪೇನಿನವರು ಬರೋದಕ್ಕೆ ಏಳೆಂಟು ಶತಮಾನ ಮೊದಲೇ ಕಲ್ಲಿನ ಮೇಲೆ ಸಹಿ ಹಾಕ್ತಿದ್ರು. "ಇದು ಇಂಥವನ ಕೆತ್ತನೆ" ಅನ್ನೋ ಅರ್ಥದ ಒಂದು ಅಕ್ಷರಗುಚ್ಛ, ಅದರ ಮುಂದೆ ಹೆಸರು. ಉಸುಮಾಸಿಂತಾ ನದಿಯ ಗ್ವಾಟೆಮಾಲಾ ದಡದಲ್ಲಿ, ಮೆಕ್ಸಿಕೋ ಗಡಿಗೆ ಅಂಟಿಕೊಂಡೇ, ಪಿಯೆದ್ರಾಸ್ ನೆಗ್ರಾಸ್ ಅನ್ನೋ ಹಾಳುಬಿದ್ದ ನಗರ ಇದೆ. ಅಲ್ಲಿ ಕ್ರಿ.ಶ. 795ರಲ್ಲಿ ನಿಲ್ಲಿಸಿದ 12ನೇ ಸಂಖ್ಯೆಯ ಶಿಲಾಫಲಕದ ಮೇಲೆ ಎಂಟು ಶಿಲ್ಪಿಗಳ ಸಹಿ ಗುರುತಿಸಿದ್ದಾರೆ. ಒಂದೇ ಕಲ್ಲು, ಎಂಟು ಸಹಿ! ನಮಗಂತೂ ಇದು ವಿಚಿತ್ರ ಅನ್ನಿಸಬಾರದು. ಬೇಲೂರಿನ ಮದನಿಕೆಯರ ಕಾಲಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಟ್ಟು ಹೋಗಿದ್ದಾರಲ್ಲ. ಎಂಟುನೂರು, ಒಂಬೈನೂರು ವರ್ಷ ಆದಮೇಲೂ ನಾವು ಆ ಹೆಸರು ಹೇಳ್ತಿದ್ದೀವಿ.

ಅಂದ್ರೆ ಕಲ್ಲುಕುಟಿಗ ಹೆಸರಿಲ್ಲದೆ ಇರೋದು ಪರಂಪರೆ ಅಲ್ಲ. ಮಧ್ಯದಲ್ಲಿ ಯಾರೋ ಕಿತ್ತುಕೊಂಡದ್ದು. ಶತಮಾನಗಳ ಪರಂಪರೆ ಅಂತ ಹೇಳಿಕೊಂಡು ಮಾರೋರು ಆ ಪರಂಪರೆಯ ಯಾವ ತುಂಡನ್ನ ಮುಂದುವರೆಸ್ತಿದ್ದಾರೆ ಅಂತ ನೋಡಿದರೆ, ಸಹಿ ಹಾಕೋ ಮಾಯಾ ಪರಂಪರೆಯನ್ನಲ್ಲ, ಕಪ್ಪ ಕೊಡೋ ತೆಕಿತ್ಕಿಯನ್ನ.

ಈಗ ಶೈಲಿಯ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲೊಂದು ತಕರಾರು ಏಳುತ್ತೆ. ಪೀಠೋಪಕರಣ ವಾಸ್ತುವಿನಿಂದ ಕದ್ದಿದೆ, ಚರ್ಚಿನ ಕಂಬ ಮೇಜಿನ ಕಾಲಾಗಬಾರದು ಅಂತ ಶುದ್ಧತಾವಾದಿಗಳು ಮೂಗು ಮುರೀತಾರೆ. ನನಗೆ ಆ ತಕರಾರು ಇಲ್ಲ. ಈ ಎರಡರ ನಡುವೆ ಕೊಡುಕೊಳ್ಳುವಿಕೆ ಮೊದಲಿಂದಲೂ ಇದೆ. "ಎಸ್ತೀಪಿತೆ" ಅಂತ ಒಂದು ಬಗೆಯ ಕಂಬ, ಮೇಲೆ ಅಗಲ, ಕೆಳಗೆ ಬರ್ತಾ ಬರ್ತಾ ಸಣ್ಣ, ತಲೆಕೆಳಗು ಮಾಡಿದ ಗೋಪುರದ ಹಾಗೆ. ಮೆಕ್ಸಿಕೋದ ಬರೋಕ್ ಅಂದ ಕೂಡಲೇ ನೆನಪಾಗೋದು ಇದೇ. ಮೆಕ್ಸಿಕೋ ನಗರದ ಮುಖ್ಯ ಚರ್ಚಿನ ಒಳಗೆ ಹೆರೋನಿಮೋ ದೆ ಬಾಲ್ಬಾಸ್ 18ನೇ ಶತಮಾನದ ಮೊದಲರ್ಧದಲ್ಲಿ ಇದನ್ನ ಮರದಲ್ಲಿ ಮಾಡಿ ಚಿನ್ನದ ರೇಕು ಹೊದೆಸಿದ. ಆಮೇಲೆ ಪಕ್ಕದಲ್ಲೇ ಸಗ್ರಾರಿಯೋ ಅನ್ನೋ ಚರ್ಚು ಕಟ್ಟುವಾಗ ಲೊರೆನ್ಸೊ ರೊದ್ರಿಗೆಸ್ ಅದೇ ರೂಪವನ್ನ ಕಲ್ಲಿನಲ್ಲಿ ಹೊರಗೋಡೆಗೆ ತಂದ. ಒಳಗಿನ ಮರಗೆಲಸ ಹೊರಗಿನ ಕಲ್ಲುಗೆಲಸ ಆಯಿತು. ಈಗ ಅದೇ ಎಸ್ತೀಪಿತೆ ಮೇಜಿನ ಕಾಲಾಗಿ ಮತ್ತೆ ಒಳಗೆ ಬಂದರೆ, ಹೊರಗೆ ಹೋದವನು ಮನೆಗೆ ವಾಪಸ್ ಬಂದ ಹಾಗಾಯ್ತು ಅಷ್ಟೇ.

ಅಚ್ಚಿನ ಎರಕದ ವಿಷಯದಲ್ಲೂ ನನ್ನದು ಮಡಿವಂತಿಕೆ ಇಲ್ಲ. 1915ರಲ್ಲಿ ಸ್ಯಾನ್ ಡಿಯೇಗೋದಲ್ಲಿ ನಡೆದ ದೊಡ್ಡ ಪ್ರದರ್ಶನಕ್ಕೆ ಬರ್ಟ್ರಮ್ ಗುಡ್‌ಹ್ಯೂ ಕಟ್ಟಿಸಿದ ಕ್ಯಾಲಿಫೋರ್ನಿಯಾ ಭವನ ಮೆಕ್ಸಿಕೋದ ಚರ್ಚುಗಳ ಮಾದರಿಯದ್ದು. ಅಲ್ಲಿಂದಾಚೆ ಅಮೆರಿಕದ ಆ ಭಾಗದಲ್ಲಿ ಈ ಶೈಲಿಯ ಹುಚ್ಚು ಹಬ್ಬಿತು. ಇವತ್ತಿನ ಕಲ್ಲಿನ ಮೇಜುಗಳಿಗೆ ಅಲ್ಲಿ ಗಿರಾಕಿ ಇರೋದಕ್ಕೆ ಬೇರು ಅಲ್ಲೇ ಇದೆ. ಆ ಭವನದ ಮುಂಭಾಗದ ಅಷ್ಟೂ ಅಲಂಕಾರ ಕಾಂಕ್ರೀಟಿನ ಎರಕ, ಕಲ್ಲಿನ ಕೆತ್ತನೆ ಅಲ್ಲ. ಎರಕ ಅಂತಲೇ ಹೇಳಿ ಮಾರಿದರೆ ಅದೂ ಒಂದು ಕಸುಬು. "ಕೈ" ಅಂತ ಹೇಳಿ ಜಾಸ್ತಿ ದುಡ್ಡು ಇಸ್ಕೊಂಡ ಮೇಲೆ ಕೈಯನ್ನ ತೋರಿಸಬೇಕು, ನನ್ನ ಮಾತು ಇಷ್ಟೇ.

ಹೆಸರು ಒಂದು ಕಡೆ. ಇನ್ನೊಂದು ಕಡೆ ಉಸಿರು. ಇದನ್ನ ಬರೆಯೋದಕ್ಕೇ ಈ ಪೋಸ್ಟ್ ಶುರುಮಾಡಿದ್ದು ಅಂತ ಹೇಳಿದರೂ ತಪ್ಪಿಲ್ಲ.

"ಕೈಕೆತ್ತನೆ" ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಉಳಿ, ಸುತ್ತಿಗೆ, ಟಕ್ ಟಕ್ ಸದ್ದು. ಈಗಿನ ಕಲ್ಲಿನ ಕೆಲಸದಲ್ಲಿ ಅದರ ಜೊತೆ ಕೈಯಲ್ಲಿ ಹಿಡಿಯೋ ಗ್ರೈಂಡರ್ ಇದೆ, ವಜ್ರದ ಹರಳು ಕೂರಿಸಿದ ಚಕ್ರದ್ದು. ಅದನ್ನೂ ಕೈಲೇ ಹಿಡಿಯೋದರಿಂದ ಅದೂ ಕೈಕೆಲಸವೇ, ತಕರಾರಿಲ್ಲ. ಆದರೆ ಉಳಿ ಎಬ್ಬಿಸೋದು ಹೆಚ್ಚಾಗಿ ಚಕ್ಕೆ, ಗ್ರೈಂಡರ್ ಎಬ್ಬಿಸೋದು ಹಿಟ್ಟು. ಒಣ ಕಲ್ಲಿಗೆ ಚಕ್ರ ತಾಗಿಸಿದರೆ ಏಳೋ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳಿರ್ತವೆ. ಅವು ಶ್ವಾಸಕೋಶದ ತಳಕ್ಕೆ ಹೋಗಿ ಕೂತರೆ ಆಚೆ ಬರಲ್ಲ. ಅಲ್ಲಿ ಗಾಯ, ಗಾಯದ ಮೇಲೆ ಕಲೆ, ಶ್ವಾಸಕೋಶ ನಿಧಾನಕ್ಕೆ ಬಿರುಸಾಗ್ತಾ ಹೋಗುತ್ತೆ. ಇದೇ ಸಿಲಿಕೋಸಿಸ್. ತಡೆಯಬಹುದು, ಗುಣಪಡಿಸೋಕೆ ಔಷಧಿ ಇಲ್ಲ. ಬಾಯಿಗೆ ಕಟ್ಟಿದ ಬಟ್ಟೆ ಇದಕ್ಕೆ ಏನೇನೂ ಸಾಲದು.

ಕಾಂತೆರಾ ಕೂಡ ಸಿಲಿಕಾ ಇರೋ ಕಲ್ಲೇ. ಅಡುಗೆಮನೆ ಕಟ್ಟೆಗೆ ಹಾಕೋ ಕೃತಕ ಕಲ್ಲಿನಷ್ಟು ಅಪಾಯಕಾರಿ ಅಂತ ನಾನು ಹೇಳ್ತಿಲ್ಲ. ಆ ಕೃತಕ ಕಲ್ಲಿನಲ್ಲಿ ಸಿಲಿಕಾ ಶೇಕಡಾ 90 ದಾಟಿರುತ್ತೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನ ನಿಷೇಧಿಸಿಯೇಬಿಟ್ಟಿತು. ಆದರೆ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಹೇಳಲೇಬೇಕು. 2023ರಲ್ಲಿ ಅಮೆರಿಕದ ಒಂದು ವೈದ್ಯಕೀಯ ನಿಯತಕಾಲಿಕದಲ್ಲಿ ಬಂತು. ಕೃತಕ ಕಲ್ಲು ಕತ್ತರಿಸಿ ಸಿಲಿಕೋಸಿಸ್ ಬಂದ 52 ಜನರ ವಿವರ ಅದರಲ್ಲಿದೆ. 52ರಲ್ಲಿ 51 ಜನ ಮೆಕ್ಸಿಕೋ, ಮಧ್ಯ ಅಮೆರಿಕದಂಥ ಕಡೆಯಿಂದ ವಲಸೆ ಬಂದ ಲ್ಯಾಟಿನೋಗಳು. ಅಧ್ಯಯನ ಮುಗಿಯೋ ಹೊತ್ತಿಗೆ 10 ಜನ ತೀರಿಕೊಂಡಿದ್ದರು. ಹೆಚ್ಚಿನವರದ್ದು ಸಾಯೋ ವಯಸ್ಸೇ ಅಲ್ಲ, ನಡುವಯಸ್ಸಿನವರು.

ಈ ಲೆಕ್ಕ ಮೇಜಿನ ಕಾಲು ಕೆತ್ತೋರದ್ದಲ್ಲ, ಅಡುಗೆ ಕಟ್ಟೆ ಕತ್ತರಿಸೋರದ್ದು. ಎರಡನ್ನೂ ಒಂದೇ ಅಂತ ಕಲಸೋದು ಬೇಡ. ಆದರೂ ಯಾವ ಮನೆಗಳಿಗೆ ಯಾವ ಜನ ಕಲ್ಲು ಕೊಯ್ದು ಕೊಡ್ತಿದ್ದಾರೆ, ಧೂಳು ಯಾರ ಪಾಲಿಗೆ ಅನ್ನೋದನ್ನ ಅದು ಎದ್ದು ಕಾಣೋ ಹಾಗೆ ಹೇಳುತ್ತೆ. ಅಮೆರಿಕದಲ್ಲಿ ಲೆಕ್ಕ ಇಡೋಕೆ ಆಸ್ಪತ್ರೆ, ಸಂಶೋಧಕರು, ಕಾನೂನು ಇದ್ದವು. ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಸಿಲಿಕಾ ಧೂಳು ದಾಟಬಾರದು ಅಂತ 2016ರಲ್ಲಿ ಅಲ್ಲಿ ನಿಯಮ ಬಂತು. ಅಷ್ಟೆಲ್ಲ ಇದ್ದೂ ಇಷ್ಟು ಸಾವು. ಇನ್ನು ಯಾವುದೋ ಹಳ್ಳಿಯ ಶೆಡ್ಡಿನಲ್ಲಿ, ಹೆಸರೂ ಬರೆಯದ ಕೈಯ ಹಿಂದಿನ ಎದೆಗೆ ಕಿವಿಗೊಡೋರು ಯಾರು?

ಇಲ್ಲೇ ನೋಡಿ, ಹೆಸರು ಮತ್ತು ಉಸಿರು ಒಂದಕ್ಕೊಂದು ಗಂಟುಬೀಳೋದು. ಹೆಸರಿಲ್ಲದವನ ಕಾಯಿಲೆಯನ್ನ ಯಾರೂ ಎಣಿಸಲ್ಲ. ಮೇಜಿನ ಜೊತೆ ಒಂದು ಹೆಸರು, ಒಂದು ಊರು ಬಂದರೆ ಯಾರಾದರೂ ಯಾವತ್ತಾದರೂ ಆ ಊರಿನ ಬಗ್ಗೆ ವಿಚಾರಿಸಬಹುದು. ಬರೀ "ನುರಿತ ಕೈಗಳು" ಅಂತ ಬಂದರೆ ವಿಚಾರಿಸೋಕೆ ವಿಳಾಸವೇ ಇಲ್ಲ.

ಇನ್ನೊಂದು ಮಾತು, ಕೆಲವರಿಗೆ ರುಚಿಸದೇ ಇರಬಹುದು. ಯಂತ್ರ ಬೇಡ, ಎಲ್ಲ ಕೈಯಲ್ಲೇ ಆಗಬೇಕು ಅನ್ನೋ ಗಿರಾಕಿಯ ಪ್ರೀತಿಯೇ ಕೆಲವೊಮ್ಮೆ ಕಲ್ಲುಕುಟಿಗನಿಗೆ ಶತ್ರು ಆಗಬಹುದು. ನೀರು ಬಿಟ್ಟುಕೊಂಡು ಕೊಯ್ಯೋ ಗರಗಸದ ಯಂತ್ರ ಒರಟು ಕೆಲಸ ಮುಗಿಸಿಕೊಟ್ಟರೆ ಅರ್ಧಕ್ಕರ್ಧ ಧೂಳು ಹುಟ್ಟೋ ಮೊದಲೇ ಕೆಸರಾಗುತ್ತೆ. ಹೂವಿನ ಎಸಳು, ಮುಖದ ಗೆರೆ ಕೆತ್ತೋಕೆ ಮಾತ್ರ ಕೈ ಸಾಕು. ಅದರಿಂದ ಕಲೆಗೇನೂ ಊನ ಇಲ್ಲ. ನೀರಿನ ಪೈಪು, ಧೂಳು ಎಳೆಯೋ ಫ್ಯಾನು, ಸರಿಯಾದ ಮಾಸ್ಕು ಇವುಗಳ ಫೋಟೋ ಯಾರೂ ಕೆಟಲಾಗಿನಲ್ಲಿ ಹಾಕಲ್ಲ. ರೊಮ್ಯಾಂಟಿಕ್ ಆಗಿ ಕಾಣಲ್ಲವಲ್ಲ! ಧೂಳಿನಲ್ಲಿ ಬೆಳ್ಳಗಾದ ಮುದುಕನ ಫೋಟೋ ಮಾತ್ರ ಎಲ್ಲರಿಗೂ ಇಷ್ಟ. ನನಗೆ ಈಗೀಗ ಅಂಥ ಫೋಟೋ ಕಂಡರೆ ಕಲೆ ಕಾಣೋದಕ್ಕಿಂತ ಮೊದಲು ಆ ಬಿಳಿ ಹುಬ್ಬು ಕಾಣುತ್ತೆ.

ಮೆಕ್ಸಿಕೋ ಸರ್ಕಾರ ಸುಮ್ಮನೆ ಕೂತಿದೆ ಅಂತಲೂ ಹೇಳೋಕಾಗಲ್ಲ. 2019ರಲ್ಲಿ ಲೂಯಿ ವಿಟಾನ್ ಕಂಪನಿಯ ಒಂದು ಕುರ್ಚಿಯ ಮೇಲೆ ಇದಾಲ್ಗೋ ರಾಜ್ಯದ ತೆನಾಂಗೋ ಕಸೂತಿಯ ಚಿತ್ರ ಕಂಡಾಗ, ಅಲ್ಲಿನ ಸಂಸ್ಕೃತಿ ಇಲಾಖೆ ಕಂಪನಿಗೆ ಪತ್ರ ಬರೆದು ಆ ಕಸೂತಿಯ ಜನರ ಬಗ್ಗೆ ಕೇಳಿತು. 2022ರ ಜನವರಿಯಲ್ಲಿ ಮೂಲನಿವಾಸಿ ಮತ್ತು ಆಫ್ರೋ-ಮೆಕ್ಸಿಕನ್ ಸಮುದಾಯಗಳ ಸಾಂಸ್ಕೃತಿಕ ಆಸ್ತಿಯನ್ನ ಕಾಪಾಡೋಕೆ ಕೇಂದ್ರ ಕಾನೂನೂ ಬಂತು. ಒಳ್ಳೇದೇ. ಆದರೆ ಕಸೂತಿಗೆ ಒಂದು ಊರು, ಒಂದು ಸಮುದಾಯ ಅಂತ ಬೆರಳು ಮಾಡಿ ತೋರಿಸಬಹುದು. ತಿರುಚು ಕಂಬ ಯಾರದ್ದು? ರೋಮಿನದ್ದೋ, ಸ್ಪೇನಿನದ್ದೋ, ಅದನ್ನ ಕಾಂತೆರಾದಲ್ಲಿ ಬಳ್ಳಿ ಸುತ್ತಿಸಿ ಬೇರೆಯೇ ಮಾಡಿದ ಮೆಕ್ಸಿಕೋದ ಕಲ್ಲುಕುಟಿಗನದ್ದೋ? ವಿನ್ಯಾಸದ ಒಡೆತನ ಹುಡುಕ್ತಾ ಹೋದರೆ ಕೊನೆ ಸಿಗಲ್ಲ. ಆದರೆ ಈ ಒಂದು ಮೇಜನ್ನ ಈ ವರ್ಷ ಕೆತ್ತಿದವರು ಯಾರು ಅನ್ನೋದು ಸುಲಭದ ಪ್ರಶ್ನೆ. ಅದಕ್ಕೆ ಇತಿಹಾಸಕಾರ ಬೇಕಿಲ್ಲ, ವಕೀಲ ಬೇಕಿಲ್ಲ. ಮಾರೋನಿಗೆ ಉತ್ತರ ಗೊತ್ತೇ ಇರುತ್ತೆ, ಕೂಲಿ ಕೊಟ್ಟಿರ್ತಾನಲ್ಲ!

ಹೆಸರು ಹಾಕಿದರೆ ಗಿರಾಕಿ ನೇರವಾಗಿ ಅವನ ಹತ್ತಿರವೇ ಹೋಗಿಬಿಡ್ತಾನೆ, ವ್ಯಾಪಾರ ಹೇಗೆ ಮಾಡೋದು ಅಂತ ಕೇಳಬಹುದು. ಭಯ ನಿಜವೇ. ಆದರೆ ನೂರಾರು ಕಿಲೋ ತೂಗೋ ಕಲ್ಲನ್ನ ಪೆಟ್ಟಿಗೆ ಕಟ್ಟಿ, ಗಡಿ ದಾಟಿಸಿ, ಮನೆಯೊಳಗೆ ಕೂರಿಸಿ ಕೊಡೋದು ಸಣ್ಣ ಕೆಲಸ ಅಲ್ಲ. ಅದಕ್ಕೆ ಗಿರಾಕಿ ಮಧ್ಯವರ್ತಿಗೆ ದುಡ್ಡು ಕೊಟ್ಟೇ ಕೊಡ್ತಾನೆ. ಪುಸ್ತಕದ ಮೇಲೆ ಲೇಖಕನ ಹೆಸರಿದ್ದರೂ ಅಂಗಡಿಯವನು ಬದುಕ್ತಿಲ್ಲವೇ? ಎಂಟು ಜನ ಸೇರಿ ಮಾಡಿದ್ದಾದರೆ ಎಂಟೂ ಹೆಸರು ಬರೀಲಿ. ಪಿಯೆದ್ರಾಸ್ ನೆಗ್ರಾಸ್‌ನಲ್ಲಿ ಜಾಗ ಸಾಲಲಿಲ್ಲವೇ? ಮೇಜಿನ ಅಡಿಯಲ್ಲಿ, ಯಾರಿಗೂ ಕಾಣದ ಕಡೆ ಬರೆದರೂ ಸಾಕು. ಕಲ್ಲು ಮರೆಯೋದಿಲ್ಲ.

ಇದನ್ನ ಕನ್ನಡದಲ್ಲಿ, ನಿಮ್ಮ ಮುಂದೆ ಯಾಕೆ ಬರೀತಿದ್ದೀನಿ? ಯಾಕಂದ್ರೆ ಇದರ ನೋವು ನಮಗೆ ಚೆನ್ನಾಗಿ ಗೊತ್ತು. ನಾವು ಬ್ಲಾಗಿಗರು ರಾತ್ರಿ ಕೂತು ಬರೆದದ್ದು ಹೆಸರು ಕಳಚಿಕೊಂಡು ಮೊದಲು ಈಮೇಲ್ ಫಾರ್ವರ್ಡ್ ಆಗ್ತಿತ್ತು, ಈಗ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಕೆಳಗೆ "ಕೃಪೆ: ಅಂತರ್ಜಾಲ" ಅಂತ ಬೇರೆ! ಅದನ್ನ ಕಂಡಾಗ ಹೊಟ್ಟೆ ಉರಿಯುತ್ತಲ್ಲ, "ಅಂತರ್ಜಾಲ ಅನ್ನೋ ಮನುಷ್ಯ ಯಾರಪ್ಪಾ" ಅಂತ ಜಗಳ ಆಡ್ತೀವಲ್ಲ... "ನುರಿತ ಕೈಗಳು" ಅನ್ನೋದು ಅದೇ "ಕೃಪೆ: ಅಂತರ್ಜಾಲ". ವ್ಯತ್ಯಾಸ ಇಷ್ಟೇ, ನಮ್ಮ ಹೆಸರು ಹೋದರೆ ನಮಗೆ ಸಿಟ್ಟು ಬರುತ್ತೆ. ಅಲ್ಲಿ ಹೆಸರಿನ ಜೊತೆ ಶ್ವಾಸಕೋಶವೂ ಹೋಗಬಹುದು.

ನಮ್ಮಲ್ಲಿ ಎಷ್ಟೋ ಜನ, ನಮ್ಮ ನೆಂಟರು, ಸ್ನೇಹಿತರು ಅಮೆರಿಕದ ಆ ರಾಜ್ಯಗಳಲ್ಲಿ ಮನೆ ಮಾಡಿದ್ದಾರೆ. ಕಲ್ಲಿನ ಬೆಂಚೋ, ಪುಟ್ಟ ಕಾರಂಜಿಯೋ ಕೊಳ್ಳೋ ಯೋಚನೆ ಇದ್ದರೆ ಕೊಳ್ಳಬೇಡಿ ಅಂತ ಹೇಳ್ತಿಲ್ಲ. ಕೊಳ್ಳದೇ ಹೋದರೆ ಕಸುಬೇ ಸಾಯುತ್ತೆ, ಅದು ಇನ್ನೂ ಕೆಟ್ಟದ್ದು. ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಕೆತ್ತಿದವರ ಹೆಸರೇನು? ಯಾವ ಊರು? ಕಲ್ಲು ಕೊಯ್ಯುವಾಗ ನೀರು ಹಾಕ್ತಾರಾ? ಮೂರನೇ ಪ್ರಶ್ನೆ ಕೇಳಿದಾಗ ಮಾರೋನ ಮುಖ ನೋಡಿ. ಉತ್ತರ ಸಿಕ್ಕರೆ ಅವನು ಕೇಳಿದ ಬೆಲೆ ಕೊಡಿ, ಚೌಕಾಸಿ ಬೇಡ. ಸಿಗದಿದ್ದರೆ ಎರಕದ್ದೇ ತಗೊಳ್ಳಿ, ಅಗ್ಗವೂ ಆಗುತ್ತೆ, ಸುಳ್ಳೂ ಇರಲ್ಲ.

ನಿಮಗೇನನ್ನಿಸುತ್ತೆ? ಕೈಕೆಲಸದ ವಸ್ತುಗಳನ್ನ ಕೊಳ್ಳುವಾಗ ನೀವು ಯಾವತ್ತಾದರೂ ಮಾಡಿದವರ ಹೆಸರು ಕೇಳಿದ್ದೀರಾ? ಕೇಳಿದಾಗ ಏನು ಉತ್ತರ ಬಂತು? ಬರೀರಿ. ನಿಮ್ಮ ಹೆಸರು ಹಾಕೇ ಬರೀರಿ.